ಉಕ್ಕಿನ ಕಾಡತೂಸು ಸಿಕ್ಕಿಕೊಳ್ಳುವುದೆಲ್ಲಿ, ಏಕೆ

ರೈಫಲ್ ಕಾಡತೂಸಿನಲ್ಲಿ ನಾಲ್ಕು ಭಾಗಗಳಿರುತ್ತವೆ. ತುದಿಯಲ್ಲಿ ಗುಂಡು, ಬುಡದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಈ ಮೂರನ್ನೂ ಹಿಡಿದಿಡುವ ಲೋಹದ ಕವಚ. ಮೇಲ್ನೋಟಕ್ಕೆ ಕವಚವೆಂದರೆ ಬರೀ ಡಬ್ಬಿ. ಆದರೆ ಅರೆ-ಸ್ವಯಂಚಾಲಿತ ರೈಫಲ್‌ನಲ್ಲಿ ಹೆಚ್ಚಿನ ತಕರಾರು ಹುಟ್ಟುವುದು ಈ ಡಬ್ಬಿಯ ಸುತ್ತಲೇ. ಟ್ರಿಗರ್ ಎಳೆದ ಪ್ರತಿ ಸಲ ಒಂದು ಗುಂಡು ಹಾರಿಸುವ ಈ ಬಂದೂಕು, ಖಾಲಿ ಕವಚವನ್ನು ತಾನೇ ಹೊರಗೆಸೆದು ಮ್ಯಾಗಜಿನ್‌ನಿಂದ ಮುಂದಿನ ಕಾಡತೂಸನ್ನು ತುಂಬಿಕೊಳ್ಳಬೇಕು. ಅದೆಲ್ಲ ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಮುಗಿಯಬೇಕು. ಕವಚ ಹೊರಬರಲು ಒಂದಿಷ್ಟು ಹಟ ಮಾಡಿದರೂ ಇಡೀ ಯಂತ್ರ ನಿಲ್ಲುತ್ತದೆ.

ಜಗತ್ತಿನ ಬಹುಪಾಲು ಕವಚಗಳು ಹಿತ್ತಾಳೆಯವು: ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ರಷ್ಯಾದ ಕಾರ್ಖಾನೆಗಳು ಉಕ್ಕಿನ ಕವಚದಲ್ಲಿ ತಯಾರಿಸಿದ ಕಾಡತೂಸುಗಳು ಸೋವಿಯತ್ ಒಕ್ಕೂಟ ಕುಸಿದ ನಂತರ ಅಮೆರಿಕದ ಮಾರುಕಟ್ಟೆಗೆ ಪ್ರವಾಹದಂತೆ ಬಂದವು. ತೂಲಾ ಮತ್ತು ಬರ್ನವುಲ್ ಕಾರ್ಖಾನೆಗಳ ಮಾಲು ಅಲ್ಲಿ ವುಲ್ಫ್, ತೂಲಾಮ್ಮೊ, ಬ್ರೌನ್ ಬೇರ್, ಸಿಲ್ವರ್ ಬೇರ್ ಮುಂತಾದ ಹೆಸರುಗಳಲ್ಲಿ ಹಿತ್ತಾಳೆಯದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಮಾರಾಟವಾಯಿತು. ಅಭ್ಯಾಸಕ್ಕೆಂದು ಸಾವಿರಗಟ್ಟಲೆ ಗುಂಡು ಹಾರಿಸುವವರಿಗೆ ಇದು ಸಣ್ಣ ಉಳಿತಾಯವಲ್ಲ. ಜೊತೆಗೇ ದೂರುಗಳೂ ಬಂದವು: ಕವಚ ಸಿಕ್ಕಿಕೊಳ್ಳುತ್ತದೆ, ನಳಿಗೆ ಸವೆಯುತ್ತದೆ, ಕವಚಕ್ಕೆ ಬಳಿದ ಅರಗು ಕರಗಿ ಒಳಗೆ ಅಂಟುತ್ತದೆ. ಈ ದೂರುಗಳಲ್ಲಿ ಕೆಲವು ನಿಜ, ಕೆಲವು ಬರೀ ಗುಲ್ಲು. ಇನ್ನು ಕೆಲವು ನಿಜವೇ ಆದರೂ ಆರೋಪಿ ಬೇರೆ.

ಮದ್ದು ಹೊತ್ತಿಕೊಂಡಾಗ ಕವಚದ ಒಳಗೆ ಏನಾಗುತ್ತದೆ ಎಂಬಲ್ಲಿಂದ ವಿಷಯ ಶುರುವಾಗುತ್ತದೆ. ಎಆರ್-15 ಮಾದರಿಯ ರೈಫಲ್‌ಗಳು ಬಳಸುವ .223 ರೆಮಿಂಗ್ಟನ್ ಕಾಡತೂಸಿನಲ್ಲಿ ಅನಿಲದ ಒತ್ತಡ ಚದರ ಅಂಗುಲಕ್ಕೆ 55,000 ಪೌಂಡ್‌ವರೆಗೆ ಏರಬಹುದು. ಆ ಒತ್ತಡಕ್ಕೆ ಕವಚದ ತೆಳು ಗೋಡೆ ಉಬ್ಬಿ, ಕಾಡತೂಸು ಕೂರುವ ಗೂಡಾದ ಚೇಂಬರ್‌ನ ಗೋಡೆಗೆ ಒತ್ತಿಕೊಳ್ಳುತ್ತದೆ. ಅನಿಲ ಹಿಂದಕ್ಕೆ ನುಸುಳದಂತೆ ಬಿರಡೆ ಹಾಕುವುದು ಈ ಉಬ್ಬೇ. ಗುಂಡು ನಳಿಗೆ ದಾಟಿ ಒತ್ತಡ ಇಳಿದ ಮೇಲೆ ಗೋಡೆ ತುಸು ಕುಗ್ಗಬೇಕು. ಕುಗ್ಗಿದಾಗ ಸಿಗುವ ಕೂದಲೆಳೆಯಷ್ಟು ಸಂದೇ ಕವಚ ಸಲೀಸಾಗಿ ಹೊರಬರಲು ಇರುವ ದಾರಿ.

ಉಬ್ಬುವುದು, ಕುಗ್ಗುವುದು ಎರಡರಲ್ಲೂ ಹಿತ್ತಾಳೆಯದೇ ಮೇಲುಗೈ. ಉಕ್ಕಿನ ಸ್ಥಿತಿಸ್ಥಾಪಕತ್ವದ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್, ಹಿತ್ತಾಳೆಯದು ಸುಮಾರು 110. ಬಿಡಿಸಿ ಹೇಳುವುದಾದರೆ, ಒಂದೇ ಬಲಕ್ಕೆ ಹಿತ್ತಾಳೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಬಲ ತೆಗೆದಾಗ ಅಷ್ಟೇ ಹೆಚ್ಚು ಹಿಂದಕ್ಕೆ ಸರಿಯುತ್ತದೆ. ಕವಚಕ್ಕೆ ಬಳಸುವ ಮೆದು ಉಕ್ಕು ಚೇಂಬರ್‌ನ ಗೋಡೆಗೆ ತಡವಾಗಿ ತಾಗುತ್ತದೆ, ಅಲ್ಲಿಂದ ಬಿಡಿಸಿಕೊಳ್ಳುವುದೂ ಕಡಿಮೆ. ಬಿರಡೆ ಅಷ್ಟು ಬಿಗಿಯಲ್ಲ, ಸಂದು ಅಷ್ಟು ಅಗಲವಲ್ಲ. ಉಕ್ಕಿನ ಕವಚದ ಮೇಲಿನ ದೂರುಗಳಲ್ಲಿ ಬಹಳಷ್ಟು ಬೇರು ಬಿಟ್ಟಿರುವುದು ಈ ಎರಡು ಸಂಗತಿಗಳಲ್ಲಿ.

ಹಾಗೆಂದು ಹಿತ್ತಾಳೆ ದೋಷವಿಲ್ಲದ ಲೋಹವಲ್ಲ. ಬ್ರಿಟಿಷ್ ಇಂಡಿಯಾದ ಸೇನೆಯ ದಾಸ್ತಾನುಗಳಲ್ಲಿ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳಿಕೊಳ್ಳುತ್ತಿದ್ದವು. ಕುದುರೆ ಲಾಯಗಳ ಆಸುಪಾಸಿನಲ್ಲಿ ಇಟ್ಟ ಪೆಟ್ಟಿಗೆಗಳಲ್ಲಿ ಈ ಪೀಡೆ ಹೆಚ್ಚು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ತೇವ ಸೇರಿ, ತಯಾರಿಕೆಯ ಹೊತ್ತಿನಲ್ಲಿ ಲೋಹದೊಳಗೆ ಉಳಿದುಹೋದ ಬಿಗುವನ್ನು ಬಿರುಕಾಗಿಸುತ್ತವೆ ಎಂಬುದು 1920ರ ದಶಕದ ಆರಂಭದಲ್ಲಿ ಖಚಿತವಾಯಿತು. ಕವಚವನ್ನು ಹದವಾಗಿ ಕಾಯಿಸಿ ಆ ಬಿಗುವನ್ನು ಇಳಿಸುವುದೇ ಪರಿಹಾರ.

ಹೀಗಿದ್ದೂ ಉಕ್ಕಿಗೆ ಹೋದವರು ಯಾರೂ ಇಷ್ಟಪಟ್ಟು ಹೋದವರಲ್ಲ. ತಾಮ್ರ ಸಾಲದಾದಾಗ ಹೋದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತನ್ನ 7.92 ಮಿ.ಮೀ. ರೈಫಲ್ ಕಾಡತೂಸುಗಳನ್ನು ಭಾರಿ ಪ್ರಮಾಣದಲ್ಲಿ ಅರಗು ಬಳಿದ ಉಕ್ಕಿನ ಕವಚದಲ್ಲಿ ತಯಾರಿಸಿತು. ಅಮೆರಿಕದಲ್ಲೂ ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಕಾರು ತಯಾರಿಸುವ ಕ್ರೈಸ್ಲರ್ ಕಂಪನಿ .45 ಪಿಸ್ತೂಲಿನ ಕಾಡತೂಸುಗಳನ್ನು ಉಕ್ಕಿನಲ್ಲಿ ಮಾಡಿಕೊಟ್ಟಿತು. ಯುದ್ಧ ಮುಗಿದ ಮೇಲೆ ಅಮೆರಿಕ ಹಿತ್ತಾಳೆಗೆ ಮರಳಿತು. ಸೋವಿಯತ್ ಒಕ್ಕೂಟ ಮರಳಲಿಲ್ಲ. ಉಕ್ಕನ್ನೇ ಗಟ್ಟಿ ಹಿಡಿದು, ಬಂದೂಕನ್ನು ಅದಕ್ಕೆ ಹೊಂದಿಸಿಕೊಂಡಿತು.

ಈ ಹೊಂದಾಣಿಕೆ ಕಣ್ಣಿಗೇ ಕಾಣುತ್ತದೆ. ಕಲಾಶ್ನಿಕೋವ್ ರೈಫಲ್‌ನ 7.62×39 ಕಾಡತೂಸನ್ನು ಮೇಜಿನ ಮೇಲೆ ಮಲಗಿಸಿದರೆ ಅದರ ಮೈ ಬುಡದಿಂದ ಭುಜದವರೆಗೆ ಇಳಿಜಾರಾಗಿರುವುದು ತಿಳಿಯುತ್ತದೆ. ಬುಡದಲ್ಲಿ 11.35 ಮಿ.ಮೀ. ವ್ಯಾಸ, ಭುಜದಲ್ಲಿ ಸುಮಾರು 10.07. ಇಂಥ ಮೊನಚು ಮೈಯ ಕವಚ ಹಿಂದಕ್ಕೆ ಒಂದಿಷ್ಟು ಸರಿದರೆ ಸಾಕು, ಸುತ್ತಲೂ ಗೋಡೆಯಿಂದ ಕಳಚಿಕೊಳ್ಳುತ್ತದೆ. ಲೋಹ ಕುಗ್ಗದಿದ್ದರೂ ಆಕಾರವೇ ಬಿಡಿಸಿಕೊಡುತ್ತದೆ. ಮ್ಯಾಗಜಿನ್ ಬಾಳೆಹಣ್ಣಿನಂತೆ ಬಾಗಿರುವುದೂ ಈ ಇಳಿಜಾರಿನಿಂದಲೇ. ಇದರ ಜೊತೆಗೆ ಈ ರೈಫಲ್‌ನಲ್ಲಿ ಚೇಂಬರ್ ಮುಚ್ಚುವ ಬೋಲ್ಟನ್ನು ಹೊತ್ತು ಓಡುವ ಭಾರವಾದ ಬೋಲ್ಟ್ ಕ್ಯಾರಿಯರ್, ಕವಚದ ಅಂಚನ್ನು ಕಚ್ಚಿ ಎಳೆಯುವ ಅಗಲ ಕೊಕ್ಕೆ, ಕ್ರೋಮ್ ಲೇಪದ ಚೇಂಬರ್, ಅಗತ್ಯಕ್ಕಿಂತ ಹೆಚ್ಚೇ ಹರಿಯುವ ಅನಿಲ. ಎಸ್‌ಕೆಎಸ್ ರೈಫಲ್ ಹುಟ್ಟಿದ್ದೂ ಇದೇ ಕಾಡತೂಸಿಗಾಗಿ. ಈ ಬಂದೂಕುಗಳಲ್ಲಿ ಉಕ್ಕಿನ ಕವಚ ನಂಬಿಕೆಗೆ ತಕ್ಕದ್ದೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಅವುಗಳ ಮಟ್ಟಿಗೆ ಉಕ್ಕೇ ರೂಢಿ. ಜರ್ಮನಿಯ ಜಿ3 ರೈಫಲ್ ಬೇರೆ ಹಾದಿ ಹಿಡಿದು ಅದೇ ಊರು ತಲುಪಿತು: ಅದರ ಚೇಂಬರ್‌ನ ಗೋಡೆಯುದ್ದಕ್ಕೂ ಕೊರೆದ ಗೀರುಗಳಲ್ಲಿ ಅನಿಲ ಹರಿದು, ಕವಚದ ಒಳಗೂ ಹೊರಗೂ ಒತ್ತಡ ಸಮವಾಗಿ, ಕವಚ ಗೋಡೆಗೆ ಅಂಟದೆ ತೇಲುತ್ತದೆ.

ಎಆರ್-15ರ ಕಥೆ ತದ್ವಿರುದ್ಧ. .223 ಕವಚದ ಮೈ ಬಹುತೇಕ ನೆಟ್ಟಗಿದೆ: ಬುಡದಲ್ಲಿ 9.58 ಮಿ.ಮೀ., ಭುಜದಲ್ಲಿ 9.00. ಅದರ ಉದ್ದವೂ ಹೆಚ್ಚು. ಗೋಡೆಗೆ ಒತ್ತಿಕೊಂಡ ಇಂಥ ಕವಚ ಉದ್ದಕ್ಕೂ ಉಜ್ಜಿಕೊಂಡೇ ಹೊರಬರಬೇಕು. ವಿನ್ಯಾಸಕರು ಹಿತ್ತಾಳೆಯ ಕುಗ್ಗುವಿಕೆಯನ್ನು ನೆಚ್ಚಿ ಲೆಕ್ಕ ಹಾಕಿದ್ದರು. ಹಿತ್ತಾಳೆಯೊಂದಿಗೂ ಈ ಲೆಕ್ಕ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ವಿಯೆಟ್ನಾಂ ಸಾಕ್ಷಿ. 1960ರ ದಶಕದ ನಡುವಿನಲ್ಲಿ ಅಲ್ಲಿಗೆ ಹೋದ, ಎಆರ್-15ರದೇ ಸೇನಾ ರೂಪವಾದ ಎಂ16 ರೈಫಲ್‌ಗಳಲ್ಲಿ ಖಾಲಿ ಕವಚಗಳು ಚೇಂಬರ್‌ನಲ್ಲೇ ಉಳಿದು, ಸೈನಿಕರು ನಳಿಗೆಯ ಬಾಯಿಂದ ಸರಳು ತೂರಿಸಿ ಅವನ್ನು ಹೊರದಬ್ಬಬೇಕಾಯಿತು. ಬದಲಾದ ಮದ್ದು, ಶುಚಿಗೊಳಿಸುವ ಸಲಕರಣೆಯ ಕೊರತೆ, ತೇವಕ್ಕೆ ತುಕ್ಕು ಹಿಡಿದ ಚೇಂಬರ್ ಇವೆಲ್ಲ ಸೇರಿ ಆದ ಅನಾಹುತ ಅದು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿತು, ಚೇಂಬರ್‌ಗೆ ಕ್ರೋಮ್ ಲೇಪ ಬಂತು. ಅಂಥ ಯಂತ್ರಕ್ಕೆ ಕಡಿಮೆ ಕುಗ್ಗುವ ಕವಚ ಕೊಟ್ಟರೆ ಒಂದಷ್ಟು ತೊಡಕಾದೀತೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಆಗುವುದು ಒಂದಷ್ಟೇ ಎಂಬುದು ಅಚ್ಚರಿ.

ಅರಗಿನ ಗುಲ್ಲು ಹುಟ್ಟಿಕೊಂಡದ್ದು ಇಲ್ಲಿಯೇ. ಉಕ್ಕು ತುಕ್ಕು ಹಿಡಿಯದಿರಲಿ, ಮೈ ನುಣುಪಾಗಿರಲಿ ಎಂದು ಕವಚಕ್ಕೆ ಅರಗನ್ನೋ ಪಾಲಿಮರ್ ಅನ್ನೋ ಸತುವನ್ನೋ ಬಳಿಯುತ್ತಾರೆ. ಬಿಸಿ ಚೇಂಬರ್‌ನಲ್ಲಿ ಅರಗು ಕರಗಿ, ಆರಿದ ಮೇಲೆ ಮುಂದಿನ ಕವಚವನ್ನು ಅಂಟಿಸಿಬಿಡುತ್ತದೆ ಎಂಬುದು ದೂರು. ಕವಚಕ್ಕೆ ಬಳಿಯುವ ಅರಗು ಅಷ್ಟು ಸುಲಭಕ್ಕೆ ಕರಗುವ ಜಾತಿಯದಲ್ಲ. ಸಿಕ್ಕಿಕೊಂಡ ಕವಚಗಳ ಹಿಂದೆ ಸಾಮಾನ್ಯವಾಗಿ ಇರುವುದು ಮಸಿ. ಉಕ್ಕಿನ ಬಿರಡೆ ಸಡಿಲವಾದ್ದರಿಂದ ಪ್ರತಿ ಹೊಡೆತಕ್ಕೂ ಕವಚದ ಕತ್ತು ಮತ್ತು ಮೈಯ ಸುತ್ತ ಹೊಗೆ ನುಸುಳಿ ಚೇಂಬರ್‌ನ ಗೋಡೆಗೆ ಮಸಿಯ ಪದರ ಕೂರುತ್ತದೆ. ಮತ್ತೆ ಉಕ್ಕನ್ನೇ ಹಾರಿಸುತ್ತ ಹೋದರೆ ಬಹಳ ಹೊತ್ತು ಏನೂ ಆಗದಿರಬಹುದು. ಶುಚಿ ಮಾಡದೆ ಹಿತ್ತಾಳೆಗೆ ಬದಲಾಯಿಸಿದಾಗ ಪೇಚು. ಹಿತ್ತಾಳೆ ಪೂರ್ತಿ ಉಬ್ಬಿ ಆ ಮಸಿಯನ್ನೇ ಕಚ್ಚಿ ಹಿಡಿಯುತ್ತದೆ, ಕೊಕ್ಕೆ ಅದರ ಮೆದು ಅಂಚನ್ನು ಹರಿದುಕೊಂಡು ಹಿಂದೆ ಹೋಗುತ್ತದೆ. ಸಿಕ್ಕಿಕೊಂಡದ್ದು ಹಿತ್ತಾಳೆ, ಬೈಸಿಕೊಳ್ಳುವುದು ಅರಗು. ಎರಡು ಬಗೆಯ ಕಾಡತೂಸುಗಳನ್ನು ಒಂದೇ ದಿನ ಬಳಸುವವರು ನಡುವೆ ಚೇಂಬರ್‌ಗೆ ಬ್ರಷ್ ಹಾಕಬೇಕು ಎಂಬ ಬಳಕೆದಾರರ ರೂಢಿಗೆ ಕಾರಣ ಇದು.

ಅಗ್ಗದ ಕಾಡತೂಸಿನ ಇನ್ನೊಂದು ತೊಡಕಿಗೂ ಕವಚಕ್ಕೂ ಸಂಬಂಧವಿಲ್ಲ. ಅಗ್ಗದ .223 ಮಾಲಿನಲ್ಲಿ ಮದ್ದಿನ ಶಕ್ತಿ ಹಲವು ಸಲ ತುಸು ಕಡಿಮೆ. ಎಆರ್-15 ನಳಿಗೆಯ ಸಣ್ಣ ರಂಧ್ರದಿಂದ ಅನಿಲ ಎಳೆದುಕೊಂಡು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ರಂಧ್ರ ಕಿರಿದಾಗಿದ್ದರೆ, ಬೋಲ್ಟಿನ ಹಿಂದಿನ ಬಫರ್ ಭಾರವಾಗಿದ್ದರೆ, ಚಳಿ ಜೋರಾಗಿದ್ದರೆ, ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗದೆ ಅರ್ಧಕ್ಕೆ ಮರಳುತ್ತದೆ. ಖಾಲಿ ಕವಚ ಹೊರಬಿದ್ದರೂ ಮುಂದಿನ ಕಾಡತೂಸು ಏರುವುದಿಲ್ಲ. ಸೇನಾ ಮಟ್ಟದ ಒತ್ತಡಕ್ಕೆ ಅಳೆದು ಮಾಡಿದ ದುಬಾರಿ ರೈಫಲ್ ಇಲ್ಲಿ ಸೋತು, ರಂಧ್ರವನ್ನು ಧಾರಾಳವಾಗಿ ಕೊರೆದ ಅಗ್ಗದ ರೈಫಲ್ ಗೆಲ್ಲುವುದುಂಟು. ದುಡ್ಡು ಹೆಚ್ಚು ಕೊಟ್ಟವನಿಗೆ ಇದನ್ನು ಒಪ್ಪಿಸುವುದು ಕಷ್ಟ.

ಪ್ರೈಮರ್ ವಿಚಾರ ಚಿಕ್ಕದು. ರಷ್ಯಾದ ಉಕ್ಕಿನ ಕಾಡತೂಸುಗಳಲ್ಲಿ ಹೆಚ್ಚಿನವಕ್ಕೆ ಬರ್ಡನ್ ಮಾದರಿಯ ಪ್ರೈಮರ್. ಅಮೆರಿಕದವಕ್ಕೆ ಬಾಕ್ಸರ್ ಮಾದರಿ. ಹೈರಮ್ ಬರ್ಡನ್ ಅಮೆರಿಕದವನು, ಎಡ್ವರ್ಡ್ ಬಾಕ್ಸರ್ ಇಂಗ್ಲೆಂಡಿನವನು. 1860ರ ದಶಕದ ಇಬ್ಬರ ಆವಿಷ್ಕಾರಗಳೂ ಸಾಗರ ದಾಟಿ ಎದುರು ದಡದಲ್ಲಿ ನೆಲೆ ಕಂಡವು. ಕೆಲವು ಪ್ರೈಮರ್‌ಗಳ ಬಟ್ಟಲು ಗಟ್ಟಿಯಾಗಿದ್ದು, ಹಗುರ ಸ್ಪ್ರಿಂಗ್ ಹಾಕಿಸಿಕೊಂಡ ರೈಫಲ್‌ಗಳಲ್ಲಿ ಸೂಜಿ ಬಡಿದರೂ ಹೊತ್ತದೆ ಉಳಿಯುತ್ತವೆ. ಹಳೆಯ ಸೇನಾ ದಾಸ್ತಾನಿನ ಪ್ರೈಮರ್‌ಗಳು ನಳಿಗೆಯಲ್ಲಿ ಉಪ್ಪಿನಂಥ ಶೇಷ ಬಿಟ್ಟು ತುಕ್ಕು ಹಿಡಿಸುತ್ತವೆ. ನಾಗರಿಕ ಮಾರುಕಟ್ಟೆಗೆಂದೇ ಈಚೆಗೆ ತಯಾರಾದವುಗಳಿಗೆ ಆ ದೋಷವಿಲ್ಲ.

ಇಷ್ಟೆಲ್ಲ ವಾದಗಳನ್ನು ಒರೆಗೆ ಹಚ್ಚಿದ ಒಂದು ಪರೀಕ್ಷೆ ಈಗಲೂ ಉಲ್ಲೇಖಗೊಳ್ಳುತ್ತದೆ. ಲಕ್ಕಿ ಗನ್ನರ್ ಎಂಬ ಅಮೆರಿಕದ ಕಾಡತೂಸು ಮಾರಾಟ ಸಂಸ್ಥೆ 2013ರಲ್ಲಿ ಅದರ ಫಲಿತಾಂಶ ಪ್ರಕಟಿಸಿತು. ಬುಷ್‌ಮಾಸ್ಟರ್ ಕಂಪನಿಯ ಒಂದೇ ಮಾದರಿಯ ನಾಲ್ಕು ಎಆರ್-15 ಕಾರ್ಬೈನ್‌ಗಳಿಗೆ ತಲಾ 10,000 ಗುಂಡುಗಳ ಗುರಿ. ಒಂದಕ್ಕೆ ಫೆಡರಲ್‌ನ ಹಿತ್ತಾಳೆ. ಉಳಿದ ಮೂರಕ್ಕೆ ವುಲ್ಫ್, ತೂಲಾ, ಬ್ರೌನ್ ಬೇರ್. ಹಿತ್ತಾಳೆ ತಿಂದ ಬಂದೂಕು ಒಮ್ಮೆಯೂ ತಡವರಿಸದೆ ಮುಗಿಸಿತು. ವುಲ್ಫ್ ಮತ್ತು ಬ್ರೌನ್ ಬೇರ್ ತಿಂದವು ಸಹ ಕೊನೆ ಮುಟ್ಟಿದವು. ಎರಡರಲ್ಲೂ ತಡೆಗಳ ಸಂಖ್ಯೆ ಇಪ್ಪತ್ತನ್ನು ದಾಟಲಿಲ್ಲ. ತೂಲಾದ ಬಂದೂಕನ್ನು ಮಾತ್ರ ನಡುವೆಯೇ ಕೈಬಿಡಬೇಕಾಯಿತು. ಹತ್ತು ಸಾವಿರಕ್ಕೆ ಇಪ್ಪತ್ತರೊಳಗೆ ಎಂದರೆ ಅಭ್ಯಾಸದ ಮೈದಾನದಲ್ಲಿ ಲೆಕ್ಕಕ್ಕಿಲ್ಲದ್ದು. ಪ್ರಾಣರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವವರು ಸೊನ್ನೆಯನ್ನೇ ಆರಿಸಿಕೊಳ್ಳುತ್ತಾರೆ. ಪ್ರತಿ ಬಗೆಯ ಕಾಡತೂಸಿಗೆ ಒಂದೇ ಬಂದೂಕು ಇದ್ದ ಪರೀಕ್ಷೆ ಎಂಬುದನ್ನೂ ಮರೆಯುವಂತಿಲ್ಲ. ತೂಲಾದ ಸೋಲಿನಲ್ಲಿ ಕಾಡತೂಸಿನ ಪಾಲೆಷ್ಟು, ಆ ಒಂದು ಬಂದೂಕಿನ ಪಾಲೆಷ್ಟು ಎಂದು ಅದರಿಂದ ಬೇರ್ಪಡಿಸಲಾಗದು.

ಅದೇ ಪರೀಕ್ಷೆ ನಳಿಗೆಯ ಸವೆತವನ್ನೂ ಬಯಲಿಗಿಟ್ಟಿತು. ಉಕ್ಕಿನ ಕವಚದ ಕಾಡತೂಸು ಹಾರಿಸಿದ ನಳಿಗೆಗಳು ಸುಮಾರು ಐದಾರು ಸಾವಿರದ ಹೊತ್ತಿಗೆ ತೇಯ್ದುಹೋಗಿ, ಗುಂಡುಗಳು ನೆಟ್ಟಗೆ ಹೋಗದೆ ಗುರಿಹಲಗೆಗೆ ಅಡ್ಡಡ್ಡ ಬಡಿಯತೊಡಗಿದವು. ಕವಚ ನಳಿಗೆಯೊಳಗೆ ಹೋಗುವುದೇ ಇಲ್ಲ, ಹೀಗಾಗಿ ಅದು ನಳಿಗೆಯನ್ನು ಸವೆಸುವ ಪ್ರಶ್ನೆಯಿಲ್ಲ. ಸವೆಸುವುದು ಗುಂಡಿನ ಹೊದಿಕೆ. ಸಾಮಾನ್ಯ ಗುಂಡಿನಲ್ಲಿ ಸೀಸದ ಮೇಲೆ ತಾಮ್ರಮಿಶ್ರ ಲೋಹದ ಹೊದಿಕೆ ಇರುತ್ತದೆ. ಅಗ್ಗದ ರಷ್ಯನ್ ಗುಂಡಿನಲ್ಲಿ ಮೆದು ಉಕ್ಕಿನ ಹೊದಿಕೆಗೆ ತಾಮ್ರದ ತೆಳು ಲೇಪ. ಬೇಗ ಬೇಗ ಹಾರಿಸಿ ನಳಿಗೆ ಕಾದಷ್ಟೂ ಈ ಲೇಪದಡಿಯ ಉಕ್ಕು ಹೆಚ್ಚು ಉಜ್ಜುತ್ತದೆ. ಅಷ್ಟಾದರೂ ಪರೀಕ್ಷಕರ ಲೆಕ್ಕದಲ್ಲಿ ಐದು ಸಾವಿರ ಕಾಡತೂಸುಗಳ ಮೇಲಿನ ಉಳಿತಾಯ ಹೊಸ ನಳಿಗೆಯ ಬೆಲೆಗಿಂತ ಹೆಚ್ಚೇ ಇತ್ತು. ವರ್ಷಕ್ಕೆ ನಾಲ್ಕೈದು ನೂರು ಹಾರಿಸುವವರಿಗೆ ನಳಿಗೆಯ ಚಿಂತೆ ಹತ್ತು ವರ್ಷಕ್ಕೊಮ್ಮೆ ಬರುವಂಥದ್ದು.

ಉಳಿತಾಯದ ಲೆಕ್ಕದಲ್ಲಿ ಕೆಲವರು ಮರೆಯುವ ಬಾಬ್ತು ಒಂದಿದೆ. ಹಿತ್ತಾಳೆಯ ಖಾಲಿ ಕವಚಕ್ಕೆ ಹೊಸ ಪ್ರೈಮರ್, ಮದ್ದು, ಗುಂಡು ಕೂರಿಸಿ ಹಲವು ಬಾರಿ ಮರುಬಳಕೆ ಮಾಡಬಹುದು. ಬರ್ಡನ್ ಪ್ರೈಮರ್‌ನ ಉಕ್ಕಿನ ಕವಚ ಒಮ್ಮೆ ಹಾರಿದರೆ ಕಸ. ಅಮೆರಿಕದ ಎಷ್ಟೋ ಅಭ್ಯಾಸ ಮೈದಾನಗಳು ಬಾಗಿಲಲ್ಲೇ ಅಯಸ್ಕಾಂತ ಹಿಡಿದು ಕಾಡತೂಸುಗಳನ್ನು ಪರೀಕ್ಷಿಸುತ್ತವೆ. ಉಕ್ಕಿನ ಹೊದಿಕೆಯ ಗುಂಡು ಗುರಿಹಲಗೆಗಳನ್ನು ಹಾಳುಮಾಡಿ ಕಿಡಿ ಹಾರಿಸುತ್ತದೆ, ಒಣಹುಲ್ಲಿದ್ದರೆ ಬೆಂಕಿ. ನೆಲದ ಮೇಲಿನ ಹಿತ್ತಾಳೆಯನ್ನು ಆರಿಸಿ ಮಾರುವುದು ಮೈದಾನದವರ ಆದಾಯವೂ ಹೌದು, ಅದರಲ್ಲಿ ಉಕ್ಕು ಬೆರೆತರೆ ಬೇರ್ಪಡಿಸುವ ಕೂಲಿ ಮೈಮೇಲೆ ಬರುತ್ತದೆ.

ಅಗ್ಗದ ಉಕ್ಕಿನ ಮಾರುಕಟ್ಟೆಗೆ ಪೆಟ್ಟು ಬಿದ್ದದ್ದು ತಂತ್ರಜ್ಞಾನದಿಂದಲ್ಲ, ರಾಜತಂತ್ರದಿಂದ. ರಷ್ಯಾದ ವಿರೋಧಪಕ್ಷದ ನಾಯಕ ಅಲೆಕ್ಸಿ ನವಾಲ್ನಿ ವಿಷಪ್ರಯೋಗಕ್ಕೆ ಗುರಿಯಾದ ಪ್ರಕರಣದಲ್ಲಿ ಅಮೆರಿಕ ಸರ್ಕಾರ 2021ರ ಆಗಸ್ಟ್‌ನಲ್ಲಿ ಹೊಸ ನಿರ್ಬಂಧಗಳನ್ನು ಪ್ರಕಟಿಸಿತು. ಆ ವರ್ಷದ ಸೆಪ್ಟೆಂಬರ್ 7ರಿಂದ ರಷ್ಯಾದ ಬಂದೂಕು, ಕಾಡತೂಸುಗಳ ಆಮದಿಗೆ ಹೊಸ ಪರವಾನಗಿ ನಿಂತಿತು. ಆಗಲೇ ಪರವಾನಗಿ ಪಡೆದಿದ್ದ ಮಾಲು ಅವಧಿ ಮುಗಿಯುವವರೆಗೆ ಬರುತ್ತಲೇ ಇತ್ತು. ಮುಂದಿನ ವರ್ಷ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಕಾರ್ಖಾನೆಗಳಿಗೆ ತಮ್ಮ ಸೇನೆಯ ಬೇಡಿಕೆಯೇ ಮೊದಲಾಯಿತು. ಪೂರೈಕೆ ಇಳಿದಂತೆ ಉಕ್ಕಿಗೂ ಹಿತ್ತಾಳೆಗೂ ನಡುವಿನ ಬೆಲೆಯ ಅಂತರ ಕಿರಿದಾಯಿತು. .223 ಬಳಸುವವರಲ್ಲಿ ಅನೇಕರು ಹಿತ್ತಾಳೆಗೇ ಹೊರಳಿದರು. ಕಲಾಶ್ನಿಕೋವ್ ಮಾದರಿಯ ರೈಫಲ್ ಇಟ್ಟುಕೊಂಡವರು ಮಾತ್ರ 7.62×39ರ ಉಕ್ಕಿನ ಪೆಟ್ಟಿಗೆಗಳನ್ನು ಏರಿದ ಬೆಲೆಗೇ ಹುಡುಕುತ್ತಿದ್ದಾರೆ.