ಮೂರು ಸಲ ಚಂದ್ರನಿಗೆ ಹೋಗಿಬಂದ ದನಿ

ನಾಲ್ಕೇ ದಿನ! 1974ರ ಫೆಬ್ರವರಿ 7ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಜೇಮ್ಸ್ ಡಿವಿಟ್ ಯಾನ್ಸಿ ಎಂಬ ಕೂಸು ಹುಟ್ಟಿತು. ಫೆಬ್ರವರಿ 11ರಂದು ಮದ್ರಾಸಿನಲ್ಲಿ ಘಂಟಸಾಲ ವೆಂಕಟೇಶ್ವರರಾವ್ ಕಣ್ಣು ಮುಚ್ಚಿದರು. 13 ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಈ ಇಬ್ಬರೂ ಒಟ್ಟಿಗೆ ಭೂಮಿಯ ಮೇಲಿದ್ದದ್ದು ಅಷ್ಟೇ. ಒಬ್ಬರು ಹಿಪ್‌ಹಾಪ್ ಸಂಗೀತದ ಪ್ರೊಡ್ಯೂಸರ್, ಇನ್ನೊಬ್ಬರು ತೆಲುಗಿನ ಗಾಯಕ, ಸಂಗೀತ ನಿರ್ದೇಶಕ. ಇಬ್ಬರ ಕೈಯಲ್ಲೂ ಕೊನೆಗಾಲಕ್ಕೆ ಒಂದು ಆಲ್ಬಮ್ ಇತ್ತು. ಇಬ್ಬರ ದೇಹವೂ ಆ ಹೊತ್ತಿಗೆ ಸೋತಿತ್ತು.

ಮೊದಲು ಡೆಟ್ರಾಯಿಟ್‌ನ ಹುಡುಗನ ಲೆಕ್ಕ. ಆತನನ್ನು ಜಗತ್ತು ಬಲ್ಲದ್ದು ಜೆ ಡಿಲ್ಲಾ ಎಂದು. ಬದುಕಿದ್ದು 11,691 ದಿನ. ‘ಡೋನಟ್ಸ್’ ಎಂಬ ಆಲ್ಬಮ್ 2006ರ ಫೆಬ್ರವರಿ 7ರಂದು, ಆತನ 32ನೇ ಹುಟ್ಟುಹಬ್ಬಕ್ಕೇ ಬಿಡುಗಡೆಯಾಯಿತು. ಅದರಲ್ಲಿರುವುದು 31 ತುಣುಕು, ಒಂದೊಂದೂ ಸರಾಸರಿ ಒಂದೂವರೆ ನಿಮಿಷಕ್ಕಿಂತ ಕಡಿಮೆ. ಮೂರು ದಿನ ಕಳೆದು, ಫೆಬ್ರವರಿ 10ಕ್ಕೆ, ಮಾಡಿದವನೇ ಇಲ್ಲ! ಮುಕ್ಕಾಲು ಭಾಗ ಮುಗಿದಿದ್ದ ‘ದಿ ಶೈನಿಂಗ್’ ಅದೇ ವರ್ಷ ಆಗಸ್ಟಿನಲ್ಲಿ ಗೆಳೆಯರ ಕೈಯಿಂದ ಪೂರ್ತಿಯಾಗಿ ಬಂತು. ‘ದಿ ಡೈರಿ’ ಬರಲು 2016 ಆಗಬೇಕಾಯಿತು. ಆತ ಹೋಗಿ ಹತ್ತು ವರ್ಷವಾದ ಮೇಲೆ ಹೊಸ ಆಲ್ಬಮ್!

ತಾಳ ಕಟ್ಟಲು ಆತ ಬಳಸುತ್ತಿದ್ದ ಯಂತ್ರ ಎಂಪಿಸಿ 3000. ಅದು ತಾಳದ ಒಂದು ಪೆಟ್ಟನ್ನು 96 ಚೂರು ಮಾಡುತ್ತದೆ. ನಿಮಿಷಕ್ಕೆ 90 ಪೆಟ್ಟಿನ ನಡಿಗೆಯಲ್ಲಿ ಒಂದು ಚೂರು ಎಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಏಳು ಪಾಲು. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಥ 20 ಚೂರು ದಾಟಿಹೋಗಿರುತ್ತವೆ. ಡಿಲ್ಲಾ ತನ್ನ ಡ್ರಮ್ಮನ್ನು ಅತ್ತಿತ್ತ ಸರಿಸುತ್ತಿದ್ದದ್ದು ಅಂಥ ಕೆಲವೇ ಚೂರುಗಳಷ್ಟು. ಅಷ್ಟರಿಂದಲೇ ಒಂದು ತಲೆಮಾರಿನ ಡ್ರಮ್ಮರ್‌ಗಳು ಕೈ ಆಡಿಸುವ ರೀತಿ ಬದಲಾಯಿತು. ಆ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ.

ಇಷ್ಟಕ್ಕೇ ಬೆರಗಾದಿರಾ? ನಾನಿರುವುದು ಹೈದರಾಬಾದಿನಲ್ಲಿ. ಇಲ್ಲಿನ ಲೆಕ್ಕ ಕೇಳಿ.

ಘಂಟಸಾಲ ಹುಟ್ಟಿದ್ದು 1922ರ ಡಿಸೆಂಬರ್ 4, ಕೃಷ್ಣಾ ಜಿಲ್ಲೆಯಲ್ಲಿ. ಬದುಕಿದ್ದು 18,697 ದಿನ. ಅದರಲ್ಲಿ ಹದಿನೆಂಟು ತಿಂಗಳು ಕಳೆದದ್ದು ನಮ್ಮ ಬಳ್ಳಾರಿಯಲ್ಲಿ, ಅಲೀಪುರ ಜೈಲಿನಲ್ಲಿ. 1942ರ ಚಲೇಜಾವ್ ಚಳವಳಿಗೆ ಇಳಿದು ಸಿಕ್ಕಿದ ಶಿಕ್ಷೆ ಅದು. ಬದುಕಿದ ಪ್ರತಿ 34 ದಿನಕ್ಕೆ ಒಂದು ದಿನ ಬಳ್ಳಾರಿಯ ಕಂಬಿಯ ಹಿಂದೆ ಎಂದಾಯಿತು! ಹೊರಗೆ ಬಂದಮೇಲೆ ನೂರರ ಮೇಲೆ ಸಿನಿಮಾಗಳಿಗೆ ಸಂಗೀತ, ಹಾಡಿದ ಹಾಡುಗಳೋ ಸಾವಿರಗಟ್ಟಲೆ. ‘ಪಾತಾಳ ಭೈರವಿ’ ಅವರದು, ‘ಮಾಯಾಬಜಾರ್’ ಅವರದು, ‘ಲವಕುಶ’ ಅವರದು. ಕನ್ನಡಿಗರಿಗೆ 1956ರ ‘ಓಹಿಲೇಶ್ವರ’ವೊಂದೇ ಸಾಕು, ಅದರಲ್ಲಿ ಅವರು ಹಾಡಿದ್ದನ್ನು ನನ್ನ ಅಜ್ಜಿ ಕಣ್ಣೊರೆಸಿಕೊಳ್ಳದೆ ಕೇಳಿದ್ದೇ ಇಲ್ಲ.

1970ರ ಫೆಬ್ರವರಿ 1ರಂದು ಹೈದರಾಬಾದಿನ ಲಾಲ್ ಬಹಾದ್ದೂರ್ ಸ್ಟೇಡಿಯಂನಲ್ಲಿ ಅವರ ಗಾಯನದ ಬೆಳ್ಳಿಹಬ್ಬ ನಡೆಯಿತು. ಸೇರಿದ ಜನ 30,000ಕ್ಕೂ ಮೇಲೆ. ಬಸ್ಸಿಗೆ 50 ಜನರಂತೆ ಅವರನ್ನೆಲ್ಲ ಕೂರಿಸಿದರೆ 600 ಬಸ್ಸು ಬೇಕು. ಚಾರ್ಮಿನಾರ್ ಮುಂದೆ ಮೊದಲ ಬಸ್ಸು ನಿಲ್ಲಿಸಿ, ಮೂತಿಗೆ ಬಾಲ ತಾಗಿಸಿ ಸಾಲು ಹಿಡಿಯುತ್ತ ಬಂದರೆ ಮೂಸಿ ನದಿ ದಾಟಿ, ಆಬಿಡ್ಸ್ ದಾಟಿ, ಹುಸೇನ್ ಸಾಗರದ ದಡ ಮುಟ್ಟಿದರೂ ಬಸ್ಸುಗಳು ಮುಗಿಯುವುದಿಲ್ಲ. ಒಬ್ಬ ಮನುಷ್ಯನ ಗಂಟಲಿಗೆ ಬಂದ ಜನ ಇದು!

ಎರಡು ವರ್ಷದ ನಂತರ, 1972ರಲ್ಲಿ, ಇದೇ ಊರಿನ ರವೀಂದ್ರ ಭಾರತಿಯಲ್ಲಿ ಹಾಡುತ್ತಿದ್ದಾಗ ಅವರಿಗೆ ಎದೆನೋವು ಬಂತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಆಸ್ಪತ್ರೆ ಸೇರಿ ಹೊರಬಂದ ಆ ಮನುಷ್ಯ ಕೈಗೆತ್ತಿಕೊಂಡು ಮುಗಿಸಿದ್ದೇನು? ಭಗವದ್ಗೀತೆ! 700 ಶ್ಲೋಕಗಳಿಂದ ನೂರರ ಸುಮಾರಿನಷ್ಟನ್ನು ಆಯ್ದು, ತೆಲುಗಿನಲ್ಲಿ ತಾತ್ಪರ್ಯ ಸೇರಿಸಿ ಧ್ವನಿಮುದ್ರಿಸಿದರು. ಎಚ್‌ಎಂವಿ ಅದನ್ನು ಹೊರತರುವ ಹೊತ್ತಿಗೆ ಅವರಿರಲಿಲ್ಲ. ತಮ್ಮ ಗೀತೆಯ ತಟ್ಟೆ ತಿರುಗುವುದನ್ನು ಅವರು ನೋಡಲೇ ಇಲ್ಲ. ಇದನ್ನು ನೆನೆದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕಳೆದ ತಿಂಗಳು ಕಾಚಿಗುಡ ಚೌರಸ್ತಾದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರ್ ಪಕ್ಕಕ್ಕೆ ಒಂದು ವೈಕುಂಠ ರಥ ಬಂದು ನಿಂತಿತು. ಇಲ್ಲಿ ಶವವಾಹನವನ್ನು ಹಾಗೆಂದೇ ಕರೆಯುತ್ತಾರೆ. ಗಾಜಿನ ಪೆಟ್ಟಿಗೆ ಖಾಲಿ, ಸ್ಮಶಾನಕ್ಕೆ ಮುಟ್ಟಿಸಿ ಹಿಂದಿರುಗುತ್ತಿತ್ತು. ಬಾನೆಟ್ ಮೇಲೆ ಬಾಡಿದ ಚೆಂಡುಹೂವಿನ ಹಾರ, ಮಾಡಿನ ಮೇಲೆ ಎರಡು ಬೂದು ಬಣ್ಣದ ಹಾರ್ನ್ ಸ್ಪೀಕರ್, ಒಂದರ ಬಾಯಿ ಸೊಟ್ಟಗಾಗಿತ್ತು. ಅದರೊಳಗಿಂದ ಅದೇ ಗೀತೆ, ಅದೇ ದನಿ, ಸಣ್ಣದಾಗಿ. ಡ್ರೈವರ್ ಆಫ್ ಮಾಡಲು ಮರೆತಿದ್ದನೋ, ಮನಸ್ಸಾಗಲಿಲ್ಲವೋ. ಟೇಪಿಗೆ ಸಿಕ್ಕಿಸಿದ್ದ ಪೆನ್‌ಡ್ರೈವಿನ ಕ್ಯಾಪ್ ಕಳೆದುಹೋಗಿ, ಅದಕ್ಕೆ ಅರಿಶಿನ ಹಚ್ಚಿದ ದಾರ ಸುತ್ತಿತ್ತು.

“ದಿನಕ್ಕೆ ಎಷ್ಟು ಸಲ ಹಾಕ್ತೀಯ ತಮ್ಮಾ?” ಎಂದು ತೆಲುಗಿನಲ್ಲಿ ಕೇಳಿದೆ.

“ಮೂರು ಸಲ ಸಾರ್, ಕೆಲವು ದಿನ ಐದು. ಬೇರೆ ಏನಾದ್ರೂ ಹಾಕಿದ್ರೆ ಮನೆಯವರೇ ಬಂದು ಘಂಟಸಾಲ ಇಲ್ವಾ ಅಂತ ಕೇಳ್ತಾರೆ.”

ಸಿಗ್ನಲ್ ಬಿಟ್ಟಿತು. ನನ್ನ ತಲೆಯೊಳಗೆ ಲೆಕ್ಕ ಶುರುವಾಯಿತು.

ಎಲ್‌ಪಿ ತಟ್ಟೆಯ ಒಂದು ಮುಖ 22 ನಿಮಿಷ ಓಡುತ್ತದೆ ಎನ್ನಿ. ಅಷ್ಟರಲ್ಲಿ ತಟ್ಟೆ 733 ಸುತ್ತು ಹಾಕುತ್ತದೆ. ಸುರುಳಿ ಸುತ್ತಿದ ಆ ಗೆರೆಯನ್ನು ಬಿಚ್ಚಿ ನೇರ ಎಳೆದರೆ ಸುಮಾರು 450 ಮೀಟರ್! ಎರಡೂ ಮುಖ ಸೇರಿದರೆ 900 ಮೀಟರ್. ಒಂದು ಸಲ ಪೂರ್ತಿ ಕೇಳಿದರೆ ಗ್ರಾಮಫೋನಿನ ಮುಳ್ಳು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ನಡೆದಂತೆ. ಈಗ ಮುಳ್ಳೂ ಇಲ್ಲ, ತಟ್ಟೆಯೂ ಇಲ್ಲ, ಇರುವುದು ಪೆನ್‌ಡ್ರೈವ್. ಇರಲಿ, ಲೆಕ್ಕಕ್ಕೆ ಮುಳ್ಳನ್ನೇ ನಡೆಸೋಣ. ಆ ಹುಡುಗ ದಿನಕ್ಕೆ ಮೂರು ಸಲದಂತೆ ವರ್ಷಕ್ಕೆ 300 ದಿನ ಇದನ್ನು ಪೂರ್ತಿ ನುಡಿಸಿದರೆ 810 ಕಿಲೋಮೀಟರ್. ಹೈದರಾಬಾದಿನಿಂದ ಹೊರಟ ಮುಳ್ಳು ಬೆಂಗಳೂರು ದಾಟಿ, ಮೈಸೂರನ್ನೂ ದಾಟಿ ಮುಂದಕ್ಕೆ ಹೋಗುತ್ತದೆ. ಒಬ್ಬ ಡ್ರೈವರ್, ಒಂದು ಗಾಡಿ, ಒಂದು ವರ್ಷ!

ಹಾಗಾದರೆ ಎಲ್ಲ ಗಾಡಿ, ಎಲ್ಲ ಮನೆ ಸೇರಿದರೆ? 2011ರ ಜನಗಣತಿಯಲ್ಲಿ ಅವಿಭಜಿತ ಆಂಧ್ರಪ್ರದೇಶದ ಜನಸಂಖ್ಯೆ 8.46 ಕೋಟಿ. ವರ್ಷಕ್ಕೆ ಸಾವಿರಕ್ಕೆ ಆರು ಜನ ತೀರಿಕೊಳ್ಳುತ್ತಾರೆ ಎಂದರೂ 5 ಲಕ್ಷ ಸಾವು. ತೆಲುಗು ನೆಲದಲ್ಲಿ ಸಾವಿನ ಮನೆಯ ಮುಂದೆ ಶಾಮಿಯಾನ ಏಳುವ ಮೊದಲೇ ಘಂಟಸಾಲರ ಗೀತೆ ಏಳುತ್ತದೆ. ಆದರೂ ನಾನು ಕೈ ಬಿಗಿ ಹಿಡಿದೇ ಲೆಕ್ಕ ಹಾಕುತ್ತೇನೆ: ಹತ್ತರಲ್ಲಿ ಒಂದೇ ಮನೆ, ಅದೂ ಒಂದೇ ಸಲ. ಅಲ್ಲಿಗೆ ವರ್ಷಕ್ಕೆ 50,000 ಸಲ. ಹಗಲು ರಾತ್ರಿ ಬಿಡದೆ, ಹತ್ತೂವರೆ ನಿಮಿಷಕ್ಕೊಮ್ಮೆ ಎಲ್ಲೋ ಒಂದು ಕಡೆ ಈ ಗೀತೆ ಮೊದಲಾಗುತ್ತಿದೆ. ಒಂದು ಕಡೆ ಮುಗಿಯುವ ಮೊದಲೇ ಇನ್ನೊಂದು, ಮತ್ತೊಂದು, ಮಗದೊಂದು ಮನೆಯಲ್ಲಿ ಶುರು. ಯಾವ ಕ್ಷಣದಲ್ಲಿ ಗಡಿಯಾರ ನಿಲ್ಲಿಸಿ ನೋಡಿದರೂ ನಾಲ್ಕು ಕಡೆ ಘಂಟಸಾಲ ಹಾಡುತ್ತಿದ್ದಾರೆ. ಬದುಕಿದ್ದಾಗ ಒಂದು ಹೊತ್ತಿಗೆ ಒಂದು ವೇದಿಕೆ, ಹೋದಮೇಲೆ ನಾಲ್ಕು!

ಮುಳ್ಳಿನ ಕಡೆಗೆ ಬನ್ನಿ. 50,000 ಸಲಕ್ಕೆ 45,000 ಕಿಲೋಮೀಟರ್. ಭೂಮಿಯ ಸುತ್ತಳತೆ 40,075. ವರ್ಷ ತುಂಬುವಷ್ಟರಲ್ಲಿ ಮುಳ್ಳು ಭೂಮಿಯನ್ನು ಒಂದು ಸುತ್ತು ಹಾಕಿ, ಇನ್ನೂ ಐದು ಸಾವಿರ ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಇಲ್ಲಿ ನಮ್ಮ ಬಾಲು ನೆನಪಾಗದೆ ಇರುತ್ತಾರೆಯೇ? ಘಂಟಸಾಲರನ್ನು ಗುರುವೆಂದೇ ಕಂಡವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ 21 ಕನ್ನಡ ಹಾಡು ಹಾಡಿದ ಗಂಟಲು ಅದು. ಊಟ, ನೀರು, ಉಸಿರು ಎಲ್ಲ ಸೇರಿಸಿ ಒಂದು ಹಾಡಿಗೆ 34 ನಿಮಿಷ! ಜೀವಮಾನದ ಮೊತ್ತ 40,000 ಹಾಡು ಎನ್ನುತ್ತಾರೆ. ಒಂದಕ್ಕೆ ನಾಲ್ಕು ನಿಮಿಷ ಹಿಡಿದು, ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಸ್ಟುಡಿಯೋ ಟೇಪಿನಲ್ಲಿ ಅಷ್ಟನ್ನೂ ತುಂಬಿದರೆ ಟೇಪಿನ ಉದ್ದ 3,650 ಕಿಲೋಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214. ಇಡೀ ದೇಶವನ್ನು ಹಾಸಿ ಮುಚ್ಚಿ, ಮಿಕ್ಕ ಟೇಪು ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಬಾಲು 2020ರ ಸೆಪ್ಟೆಂಬರ್ 25ರಂದು ಹೋದರು. ವರ್ಷ ಕಳೆದು 2021ರ ಅಕ್ಟೋಬರಿನಲ್ಲಿ ರಜನೀಕಾಂತರ ‘ಅಣ್ಣಾತ್ತೆ’ಗೆ ಅವರು ಹಾಡಿಟ್ಟುಹೋಗಿದ್ದ ಹಾಡು ಬಂದಾಗ, ಎಂದಿನಂತೆ ಸ್ಟುಡಿಯೋದಿಂದ ಈಗಷ್ಟೇ ಎದ್ದುಬಂದ ದನಿಯಂತಿತ್ತು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಬಾಲು ಹಾಡಿದ್ದು 54 ವರ್ಷ, 40,000 ಹಾಡು, 3,650 ಕಿಲೋಮೀಟರ್ ಟೇಪು. ಗುರುವಿನ ಒಂದೇ ಒಂದು ತಟ್ಟೆಯ ಮುಳ್ಳು ತಿಂಗಳಿಗೆ ನಡೆಯುವ ದೂರ 3,750! ಶಿಷ್ಯನ ಜೀವಮಾನದ ಹಾದಿಯನ್ನು ಗುರುವಿನ ಒಂದು ಆಲ್ಬಮ್ ಪ್ರತಿ ತಿಂಗಳೂ ತುಳಿದು ಬರುತ್ತಿದೆ. ಈ ಲೆಕ್ಕ ಕೇಳಿಸಿದ್ದರೆ ಬಾಲು ಎರಡೂ ಕೈ ಎತ್ತಿ ಮುಗಿದುಬಿಡುತ್ತಿದ್ದರು ಎಂದು ನನಗೆ ಗಟ್ಟಿ ನಂಬಿಕೆ.

ಇನ್ನೂ ದೊಡ್ಡದಿದೆ. ಒಂದು ಸಲಕ್ಕೆ 44 ನಿಮಿಷದಂತೆ ವರ್ಷಕ್ಕೆ 50,000 ಸಲ ಎಂದರೆ, ಪ್ರತಿ ವರ್ಷದೊಳಗೆ ನಾಲ್ಕು ವರ್ಷಕ್ಕೂ ಮೀರಿದ ಹಾಡು ತುಂಬಿದಂತೆ. 1974ರಿಂದ 51 ವರ್ಷಕ್ಕೆ 213 ವರ್ಷದ ಗಾಯನವಾಯಿತು. ಅಷ್ಟು ವರ್ಷ ಒಂದೇ ಉಸಿರಿನಲ್ಲಿ ಹಾಡಿ ಇವತ್ತಿಗೆ ಮುಗಿಸಬೇಕಾದರೆ ಯಾವಾಗ ಶುರು ಮಾಡಿರಬೇಕು? ಹೈದರಾಬಾದಿನಲ್ಲಿ ಮೂರನೇ ನಿಜಾಮ ಸಿಕಂದರ್ ಜಾ, ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಳುತ್ತಿದ್ದ ದಿನಗಳಲ್ಲಿ! ಗ್ರಾಮಫೋನ್ ಎಂಬುದು ಹುಟ್ಟಲು ಆಗಿನ್ನೂ ಆರು ದಶಕಕ್ಕಿಂತ ಹೆಚ್ಚು ಕಾಲ ಬಾಕಿ ಇತ್ತು.

ಮುಳ್ಳಿನ ನಡಿಗೆಯೂ ಈ ನೆಲಕ್ಕೆ ಸಾಲದಾಗಿದೆ. ಚಂದ್ರ ನಮ್ಮಿಂದ 3,84,400 ಕಿಲೋಮೀಟರ್ ದೂರ. ವರ್ಷಕ್ಕೆ 45,000ದಂತೆ ಹೊರಟ ಮುಳ್ಳು ಎಂಟೂವರೆ ವರ್ಷಕ್ಕೆ ಅಲ್ಲಿಗೆ ಮುಟ್ಟುತ್ತದೆ, ಹದಿನೇಳು ವರ್ಷಕ್ಕೆ ಮನೆಗೆ ಮರಳುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಮೂರನೇ ಸಲ ಚಂದ್ರನಿಂದ ಹಿಂತಿರುಗಿ ಭೂಮಿಯ ಮಣ್ಣು ಮುಟ್ಟಲು ಬೇಕಾದ ಕಾಲವನ್ನು ಕಾಗದದ ಮೇಲೆ ಎರಡು ಸಲ ಗುಣಿಸಿ, ಭಾಗಿಸಿ ನೋಡಿದೆ: 51 ವರ್ಷ, 3 ತಿಂಗಳು.

ಘಂಟಸಾಲ ಬದುಕಿದ್ದದ್ದು 51 ವರ್ಷ, 2 ತಿಂಗಳು.