ಮಂಗಲಕಾರ್ಯಗಳೂ ಊರಿನ ನೈರ್ಮಲ್ಯವೂ

ಮದುವೆ, ಕುಬಸ, ತೊಟ್ಟಿಲು, ಜಾವಳ, ಜಾತ್ರೆ, ರಥೋತ್ಸವ ಮೊದಲಾದವು ನಮ್ಮ ಗ್ರಾಮಜೀವನದ ಸಂತೋಷದ ಸಂದರ್ಭಗಳು. ವರ್ಷವಿಡೀ ಹೊಲದಲ್ಲಿ ದುಡಿದ ದಂಪತಿಗಳಿಗೆ ಬಂಧುಬಳಗದೊಡನೆ ಕಲೆತು ಉಣ್ಣುವ ಒಂದು ದಿನ ಅವಶ್ಯಕವೇ ಸರಿ. ಆದರೆ ಆ ಒಂದು ದಿನದ ಸಂತೋಷವು ಮುಂದಿನ ಹಲವು ವಾರಗಳ ಕಾಯಿಲೆಗೆ ಕಾರಣವಾಗಬಾರದು. ಚಪ್ಪರವನ್ನು ಬಿಚ್ಚಿದ ಮೇಲೆ ಎಂಜಲು ತಟ್ಟೆಗಳ ರಾಶಿ, ನೊಣಗಳು, ಕೆಸರು ಮತ್ತು ಹೊಲಸಾದ ಬಾವಿ ಊರಿನಲ್ಲಿ ಉಳಿದರೆ, ಅತಿಥಿಗಳು ಹೋದ ನಂತರ ಅದರ ಫಲವನ್ನು ಉಣ್ಣುವವರು ಆ ಮನೆಯವರೇ, ಅದರಲ್ಲಿಯೂ ಮನೆಯ ಚಿಕ್ಕ ಮಕ್ಕಳು. ಸಮಾರಂಭ ಒಂದು ದಿನದ್ದು. ಬಾವಿಯ ನೀರು ವರ್ಷವಿಡೀ ಕುಡಿಯತಕ್ಕದ್ದು. ನೀರು, ನೆಲ, ಗಾಳಿ ಕೆಡದಂತೆ ಸಮಾರಂಭವನ್ನು ಯೋಜಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಾಲ್ಕು ತಾಲೂಕುಗಳಿಗೆ ಒಂದೇ ಹೊಳೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿಯು ಕಿತ್ತೂರು ಸೀಮೆಯ ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಬೈಲಹೊಂಗಲದ ಕರಿನೆಲದ ನಡುವೆ ಹರಿದು, ಸವದತ್ತಿ ತಾಲೂಕಿನ ನವಿಲುತೀರ್ಥದ ರೇಣುಕಾಸಾಗರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ರಾಮದುರ್ಗವನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ರೇಣುಕಾಸಾಗರದ ನೀರನ್ನೇ ಹುಬ್ಬಳ್ಳಿ-ಧಾರವಾಡದ ಜನರೂ ಕುಡಿಯುತ್ತಾರೆ. ಆದ್ದರಿಂದ ಮೇಲಿನ ಊರಿನವರು ಹಳ್ಳಕ್ಕೆ ಎಸೆದ ಹೊಲಸು ಕೆಳಗಿನ ಊರಿನವರ ಕೊಡವನ್ನು ಸೇರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದು ರಾಮದುರ್ಗದ ಹಾಗೂ ನದಿತೀರದ ಹಳ್ಳಿಗಳ ಮನೆಗಳಿಗೆ ನೀರು ನುಗ್ಗಿದುದನ್ನು ಅನೇಕರು ಬಲ್ಲರು. ಮಹಾಪೂರಕ್ಕೆ ಕಾರಣ ಮಳೆ. ಆದರೆ ಹೊಳೆಯ ದಂಡೆಯ ಮೇಲೆ ಬಿದ್ದ ಕಸ, ಮಲ, ಎಂಜಲು ಎಲ್ಲವನ್ನೂ ಮಹಾಪೂರವು ಹೊತ್ತು ತಂದು ಮನೆಯೊಳಗೂ ಬಾವಿಯೊಳಗೂ ಬಿಡುತ್ತದೆ ಎಂಬುದನ್ನು ಮರೆಯಬಾರದು.

ಈ ಸೀಮೆಯಲ್ಲಿ ಜನ ಕೂಡುವ ಸಂದರ್ಭಗಳು ಹಲವು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಲಕ್ಷಾಂತರ ಭಕ್ತರು ಬರುತ್ತಾರೆ. ರಾಮದುರ್ಗ ತಾಲೂಕಿನ ಗೊಡಚಿಯಲ್ಲಿ ವೀರಭದ್ರೇಶ್ವರ ಜಾತ್ರೆ ನೆರೆಯುತ್ತದೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನು ಪಡೆದ ವಿಜಯದ ನೆನಪಿಗಾಗಿ ಕಿತ್ತೂರಿನಲ್ಲಿ ಪ್ರತಿವರ್ಷ ಉತ್ಸವವು ಜರುಗುತ್ತದೆ. 2024ರಲ್ಲಿ ಆ ವಿಜಯಕ್ಕೆ ಇನ್ನೂರು ವರ್ಷ ತುಂಬಿದವು. ಇವಲ್ಲದೆ ಬೇಸಿಗೆಯಲ್ಲಿ ಪ್ರತಿ ಊರಿನಲ್ಲಿಯೂ ಮದುವೆಗಳು.

ಜನಸಂದಣಿಯಿಂದ ಬರುವ ರೋಗಗಳು

ಮಲದಿಂದ ಕೆಟ್ಟ ನೀರು ಮತ್ತು ಆಹಾರದ ಮೂಲಕ ವಾಂತಿಭೇದಿ, ಕಾಲರಾ, ವಿಷಮಶೀತಜ್ವರ, ಕಾಮಾಲೆ ಮುಂತಾದ ರೋಗಗಳು ಹರಡುತ್ತವೆ. ಕಾಲರಾ ರೋಗಾಣು ಹೊಟ್ಟೆ ಸೇರಿದ ಕೆಲವೇ ಗಂಟೆಗಳಿಂದ 5 ದಿನಗಳೊಳಗೆ ಭೇದಿ ಆರಂಭವಾಗುತ್ತದೆ. ವಿಷಮಶೀತಜ್ವರವು ಸಾಮಾನ್ಯವಾಗಿ 1ರಿಂದ 3 ವಾರಗಳ ನಂತರ ಕಾಣಿಸುತ್ತದೆ. ಕಾಮಾಲೆಗೆ ಇನ್ನೂ ಹೆಚ್ಚು ದಿನ ಹಿಡಿಯುವುದುಂಟು. ಹೀಗಾಗಿ ಮದುವೆಯ ಊಟಕ್ಕೂ ತಿಂಗಳ ನಂತರ ಬಂದ ಕಾಮಾಲೆಗೂ ಸಂಬಂಧವಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ನೀರಿನಿಂದ ಬರುವ ‘ಇ’ ವರ್ಗದ ಕಾಮಾಲೆಯು ಗರ್ಭಿಣಿಯರಿಗೆ, ವಿಶೇಷವಾಗಿ ಕೊನೆಯ ಮೂರು ತಿಂಗಳುಗಳಲ್ಲಿ, ಪ್ರಾಣಾಪಾಯವನ್ನು ತರಬಲ್ಲದು. ಕುಬಸದ ಸಂಭ್ರಮದಲ್ಲಿ ಗರ್ಭಿಣಿಗೆ ಕುದಿಸಿ ಆರಿಸಿದ ನೀರನ್ನೇ ಕೊಡುವುದು ಎಲ್ಲ ಉಡುಗೊರೆಗಳಿಗಿಂತ ಮಿಗಿಲು.

ಯೋಜನೆಯನ್ನು ಎಂದು ಆರಂಭಿಸಬೇಕು?

ಸಮಾರಂಭ ಮುಗಿದ ಮೇಲೆ ಕಸ ಗುಡಿಸುವ ಬಗ್ಗೆ ಯೋಚಿಸುವುದು ವಾಡಿಕೆ. ಆ ವೇಳೆಗೆ ತಡವಾಗಿರುತ್ತದೆ. ಅತಿಥಿಗಳ ಪಟ್ಟಿಯನ್ನು ಬರೆಯುವ ದಿನವೇ ಪತಿಪತ್ನಿಯರು ಒಟ್ಟಿಗೆ ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ನೀರು ಎಲ್ಲಿಂದ? ಊಟ ಯಾವುದರಲ್ಲಿ? ಉಳಿದುದು ಎಲ್ಲಿಗೆ? ಬಂದವರ ಶೌಚಕ್ಕೆ ಸ್ಥಳವೆಲ್ಲಿ? ನೀರು ತುಂಬುವವರು, ಎಂಜಲು ಬಳಿಯುವವರು ಹೆಣ್ಣುಮಕ್ಕಳಾಗಿದ್ದು, ತೀರ್ಮಾನವನ್ನು ಗಂಡಸರೇ ಮಾಡುವುದು ಸರಿಯಲ್ಲ. ಈ ಮಾತುಕತೆಯಲ್ಲಿ ಗೃಹಿಣಿಯ ಮಾತಿಗೆ ಮೊದಲ ಸ್ಥಾನವಿರಲಿ.

ನೀರಿನ ವ್ಯವಸ್ಥೆ

ಬಾವಿಯ ನೀರನ್ನು ಬಳಸುವುದಾದರೆ ಹಿಂದಿನ ರಾತ್ರಿ ಅದನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಗೊಳಿಸಬೇಕು. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಸಾಕು. ಉದಾಹರಣೆಗೆ, 3 ಮೀಟರ್ ಅಡ್ಡಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್ ಆಗುತ್ತದೆ. ಅದಕ್ಕೆ 70 ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ನಂತರ ಮುಕ್ಕಾಲು ಬಕೆಟ್ಟಿನಷ್ಟು ನೀರು ಬೆರೆಸಿ, 5ರಿಂದ 10 ನಿಮಿಷ ಬಿಡಬೇಕು. ತಳದಲ್ಲಿ ಸುಣ್ಣ ಕೂಡುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಸುರಿದು, ಹಗ್ಗದಿಂದ ಬಾವಿಗೆ ಇಳಿಬಿಟ್ಟು, ಮೇಲೆ ಕೆಳಗೆ ಆಡಿಸಬೇಕು. ಸುಣ್ಣವನ್ನು ಬಾವಿಗೆ ಹಾಕಕೂಡದು. ಕನಿಷ್ಠ ಒಂದು ಗಂಟೆ ಕಳೆದ ನಂತರವೇ ನೀರನ್ನು ಸೇದಬೇಕು. ಗ್ರಾಮದ ಆರೋಗ್ಯ ಸಿಬ್ಬಂದಿಗೆ ಮೊದಲೇ ತಿಳಿಸಿದರೆ ಅವರ ಮಾರ್ಗದರ್ಶನವು ದೊರೆಯುತ್ತದೆ.

ಕುಡಿಯುವ ನೀರನ್ನು ಮುಚ್ಚಳ ಹಾಗೂ ನಲ್ಲಿಯುಳ್ಳ ಪಾತ್ರೆಯಲ್ಲಿ ಇಡಿರಿ. ನಲ್ಲಿ ಇಲ್ಲದಿದ್ದರೆ ಉದ್ದ ಹಿಡಿಕೆಯ ಸವಟು ಇರಲಿ. ನೂರು ಜನರ ಕೈ ಅದ್ದಿದ ಹಂಡೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಶುದ್ಧವಲ್ಲ. ಪಾತ್ರೆಯ ಪಕ್ಕದಲ್ಲಿ ಕೈ ತೊಳೆಯಲು ಸಾಬೂನು ಇಡುವುದು ಅತ್ಯವಶ್ಯಕ.

ಊಟ ಯಾವುದರಲ್ಲಿ?

ಐದು ನೂರು ಜನರಿಗೆ ಊಟ ಹಾಕುವಾಗ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ತಟ್ಟೆ, ಎರಡು ಲೋಟಗಳನ್ನು ಕೊಟ್ಟರೆ ಒಂದೇ ಹೊತ್ತಿಗೆ 1,500 ತುಂಡು ಕಸವಾಗುತ್ತದೆ. ಅದು ಮಣ್ಣಿನಲ್ಲಿ ಕರಗುವುದಿಲ್ಲ. ಸುಟ್ಟರೆ ವಿಷಯುಕ್ತ ಹೊಗೆಯು ಹೊರಡುತ್ತದೆ. ಎಂಜಲಿನ ವಾಸನೆಗೆ ದನಗಳು ಪ್ಲಾಸ್ಟಿಕ್ ಚೀಲಗಳನ್ನೂ ನುಂಗುತ್ತವೆ. ಅವು ಹೊಟ್ಟೆಯಲ್ಲಿ ಗಂಟುಕಟ್ಟಿ, ದುಡಿಯುವ ಎತ್ತು, ಹಾಲು ಕೊಡುವ ಎಮ್ಮೆ ಮೇವು ಬಿಟ್ಟು ಸಾಯುವುದುಂಟು. ಬೇಸಿಗೆಯ ಮದುವೆಯಲ್ಲಿ ಎಸೆದ ಲೋಟಗಳೂ ತೆಂಗಿನ ಚಿಪ್ಪುಗಳೂ ಮೊದಲ ಮಳೆಗೆ ನೀರು ತುಂಬಿಕೊಳ್ಳುತ್ತವೆ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಇಂತಹ ಅಲ್ಪ ನೀರಿನಲ್ಲಿಯೇ ಮೊಟ್ಟೆಯಿಟ್ಟು, ಸುಮಾರು 7ರಿಂದ 10 ದಿನಗಳಲ್ಲಿ ಹೊಸ ಸೊಳ್ಳೆಗಳು ಹಾರುತ್ತವೆ.

ಕರ್ನಾಟಕ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಬಾವುಟ ಹಾಗೂ ಅಲಂಕಾರದ ಥರ್ಮೋಕೋಲ್‌ಗಳಿಗೆ ನಿಷೇಧವಿದೆ. ಕಾಗದದ ಲೋಟವು ನಿರಪಾಯಕಾರಿಯೆಂದು ಭಾವಿಸಬೇಡಿರಿ. ಅದರ ಒಳಮೈಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಲೇಪವಿರುತ್ತದೆ.

ಇದಕ್ಕೆ ಬದಲಿ ವ್ಯವಸ್ಥೆಯನ್ನು ನಮ್ಮ ಹಿರಿಯರೇ ತೋರಿಸಿಕೊಟ್ಟಿದ್ದಾರೆ. ಬಾಳೆ ಎಲೆ, ಮುತ್ತುಗದ ಪತ್ರಾವಳಿಗಳು ಉಂಡ ನಂತರ ಗೊಬ್ಬರವಾಗುತ್ತವೆ. ಸ್ಟೀಲ್ ತಟ್ಟೆ, ಲೋಟಗಳನ್ನು ಬಾಡಿಗೆಗೆ ತರಬಹುದು. ಸ್ತ್ರೀಶಕ್ತಿ ಸಂಘ ಅಥವಾ ಓಣಿಯ ಹತ್ತು ಮನೆಯವರು ಕೂಡಿ ಒಮ್ಮೆ ಕೊಂಡರೆ ಹಲವು ವರ್ಷಗಳವರೆಗೆ ಎಲ್ಲರ ಮದುವೆಗಳಿಗೂ ಒದಗುತ್ತವೆ. ಅವನ್ನು ಶುದ್ಧ ನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಅಲಂಕಾರಕ್ಕೆ ಮಾವಿನ ತೋರಣ, ಬಾಳೆಕಂಬ, ಚೆಂಡುಹೂಗಳಿಗಿಂತ ಚೆಲುವಾದುದು ಯಾವುದು?

ಅಡಿಗೆ ಮತ್ತು ಉಳಿಕೆ

ಬಂದವರ ಲೆಕ್ಕಕ್ಕೆ ತಕ್ಕಂತೆ ಅಡಿಗೆ ಮಾಡಿಸುವುದು ಜಾಣತನ. ಬೇಯಿಸಿದ ಅನ್ನ, ಸಾರು, ಪಾಯಸ, ಮೊಸರನ್ನಗಳನ್ನು ಬೇಸಿಗೆಯ ಶೆಕೆಯಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಹೊರಗಿಡುವುದು ಅಪಾಯಕರ. ಪಂಕ್ತಿಯಿಂದ ಪಂಕ್ತಿಗೆ ಸ್ವಲ್ಪ ಸ್ವಲ್ಪವಾಗಿ ಬೇಯಿಸಿ ಬಿಸಿಯಾಗಿ ಬಡಿಸಿರಿ. ಉಳಿದುದನ್ನು ಹಂಚುವುದಾದರೆ ಬಿಸಿಯಿರುವಾಗಲೇ ಹಂಚಬೇಕು. ರಾತ್ರಿಯವರೆಗೆ ಕಾದು ಬಡವರ ಮನೆಗೆ ಕಳುಹಿಸಿದ ಹಳಸಿದ ಅನ್ನವು ದಾನವಾಗದು. ಭೇದಿ, ಕೈಯಲ್ಲಿ ಕೀವುಗಾಯ ಇರುವವರು ಅಡಿಗೆ ಮಾಡಲೂ ಬಡಿಸಲೂ ಕೂಡದು.

ಜಾತ್ರೆಗೆ ಹೊರಟವರು ಹಿಂದಿನಂತೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಕುದಿಸಿದ ನೀರನ್ನು ಸ್ಟೀಲ್ ಬಾಟಲಿಯಲ್ಲಿ ತುಂಬಿಕೊಂಡು ಹೋದರೆ ಹೊಟ್ಟೆಯೂ ಕೆಡದು, ಗುಡ್ಡವೂ ಕೆಡದು. ಎಣ್ಣೆಹೊಂಡ, ಜೋಗುಳಬಾವಿ ಮುಂತಾದ ಪವಿತ್ರ ಸ್ಥಳಗಳ ನೀರಿನಲ್ಲಿ ಸಾಬೂನು, ಶಾಂಪೂ ಚೀಟಿ, ಹಳೆಯ ಬಟ್ಟೆಗಳನ್ನು ಬಿಡಬಾರದು. ದೇವಿಯ ತೀರ್ಥವೆಂದು ಭಾವಿಸುವ ನೀರಿಗೆ ನಾವೇ ಹೊಲಸು ಹಾಕುವುದು ಭಕ್ತಿಗೆ ಒಪ್ಪುವ ಮಾತಲ್ಲ.

ಎಲೆ, ಎಂಜಲು, ತರಕಾರಿ ಸಿಪ್ಪೆಗಳಿಗಾಗಿ ಸಮಾರಂಭದ ಮುಂಚೆಯೇ ಬಾವಿಯಿಂದ ದೂರದಲ್ಲಿ ಒಂದು ಗುಂಡಿಯನ್ನು ತೋಡಿಸಿರಿ. ಪ್ರತಿ ಪಂಕ್ತಿಯ ನಂತರ ಅದರಲ್ಲಿ ಹಾಕಿ ಮೇಲೆ ಮಣ್ಣು ಹರಡಬೇಕು. ಬೆಚ್ಚಗಿನ ದಿನಗಳಲ್ಲಿ ನೊಣದ ಸಂತಾನವು ಒಂದು ವಾರದೊಳಗೇ ಬೆಳೆಯುವುದರಿಂದ ಎಂಜಲನ್ನು ತೆರೆದಿಡುವುದು ಸಲ್ಲದು. ಆ ಗುಂಡಿಯ ಗೊಬ್ಬರವು ಮುಂದೆ ಹೊಲಕ್ಕೇ ದೊರೆಯುತ್ತದೆ. ಪಾತ್ರೆ ತೊಳೆದ ನೀರನ್ನು ಬಾಳೆ, ತೆಂಗಿನ ಗಿಡಗಳಿಗೆ ಹರಿಸಿರಿ, ಇಲ್ಲವೆ ಕಲ್ಲು ತುಂಬಿದ ಇಂಗುಗುಂಡಿಗೆ ಬಿಡಿರಿ.

ಶೌಚದ ವ್ಯವಸ್ಥೆ

ಲಗ್ನಪತ್ರಿಕೆಯ ಮೇಲೆ ಸಾವಿರ ರೂಪಾಯಿ ಖರ್ಚು ಮಾಡುವ ಮನೆಯವರು ಬಂದ ಹೆಣ್ಣುಮಕ್ಕಳು ಶೌಚಕ್ಕೆ ಎಲ್ಲಿಗೆ ಹೋಗಬೇಕೆಂದು ಯೋಚಿಸದಿರುವುದು ವಿಷಾದಕರ. ನೆರೆಹೊರೆಯವರ ಶೌಚಾಲಯಗಳನ್ನು ಹೆಂಗಸರಿಗೆ, ವೃದ್ಧರಿಗೆ ಮೊದಲೇ ಕೇಳಿ ಗೊತ್ತುಮಾಡಿರಿ. ಸಾಲದಿದ್ದರೆ ತಾತ್ಕಾಲಿಕ ಚರಗಳನ್ನು ತೋಡಿಸಬಹುದು. ಚರವು 30 ಸೆಂಟಿಮೀಟರ್ ಅಗಲ, 90ರಿಂದ 150 ಸೆಂಟಿಮೀಟರ್ ಆಳವಿರಬೇಕು. 100 ಜನರಿಗೆ 3ರಿಂದ 3.5 ಮೀಟರ್ ಉದ್ದ ಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಚರಗಳನ್ನು ಮಾಡಿ, ತಟ್ಟಿ ಕಟ್ಟಿ ಮರೆಮಾಡಿ, ದೀಪದ ವ್ಯವಸ್ಥೆ ಮಾಡಬೇಕು. ಬಾವಿ, ಹಳ್ಳಗಳಿಂದ ಕನಿಷ್ಠ 15 ಮೀಟರ್ ದೂರದಲ್ಲಿ, ಅವುಗಳಿಗಿಂತ ಇಳಿಜಾರಿನ ಕಡೆಗೆ ಇರತಕ್ಕದ್ದು. ಪ್ರತಿಯೊಬ್ಬರೂ ಬಳಸಿದ ನಂತರ ಮಣ್ಣು ಮುಚ್ಚುವಂತೆ ತಿಳಿಸಿ, ಕೊನೆಗೆ ಚರವನ್ನು ಪೂರ್ಣ ಮುಚ್ಚಿಸಬೇಕು.

ಭೇದಿ ಆರಂಭವಾದರೆ

ಸಮಾರಂಭದಿಂದ ಮರಳಿದ ನಂತರ ಮಗುವಿಗೆ ನೀರುಭೇದಿಯಾದರೆ ತಡಮಾಡದೆ ಓ.ಆರ್.ಎಸ್. ಕೊಡಿರಿ. 1 ಲೀಟರ್ ಪೊಟ್ಟಣವನ್ನು 1 ಲೀಟರ್ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ 24 ಗಂಟೆಯೊಳಗೆ ಬಳಸಬೇಕು. ಪೊಟ್ಟಣ ಸಿಗುವವರೆಗೆ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ಎದೆಹಾಲನ್ನು ನಿಲ್ಲಿಸಬಾರದು. ಆರೋಗ್ಯ ಕಾರ್ಯಕರ್ತೆಯು ಕೊಡುವ ಸತುವಿನ ಗುಳಿಗೆಗಳನ್ನು, ಭೇದಿ ನಿಂತರೂ, 14 ದಿನ ಪೂರ್ಣವಾಗಿ ಕೊಡಬೇಕು. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಕುಡಿಯದೆ ಮಂಕಾಗಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ, 108ಕ್ಕೆ ಕರೆಮಾಡಿರಿ. ಎಲ್ಲಿ ಉಂಡಿರಿ, ಯಾವ ನೀರು ಕುಡಿದಿರಿ ಎಂಬುದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ಆತಿಥ್ಯ ಮಾಡಿದವರ ಹೆಸರು ಕೆಡುವುದೆಂದು ಮುಚ್ಚಿಟ್ಟರೆ ಅದೇ ನೀರನ್ನು ಕುಡಿದ ಇನ್ನೂ ಹತ್ತು ಮಕ್ಕಳು ಹಾಸಿಗೆ ಹಿಡಿಯುತ್ತಾರೆ.

ಜನ ಏನೆಂದಾರು?

ಸ್ಟೀಲ್ ತಟ್ಟೆ ತಂದರೆ, ಭಕ್ಷ್ಯಗಳನ್ನು ಕಡಿಮೆ ಮಾಡಿದರೆ ಬೀಗರು ಜಿಪುಣರೆನ್ನುವರೆಂಬ ಅಂಜಿಕೆಯು ಅನೇಕರಿಗಿದೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂಬ ಗಾದೆಯು ಸುಮ್ಮನೆ ಹುಟ್ಟಿದ್ದಲ್ಲ. ಒಂದು ದಿನದ ಹೊಗಳಿಕೆಗಾಗಿ ಹೊಲವನ್ನು ಒತ್ತೆಯಿಟ್ಟವರು ನಮ್ಮ ನಡುವೆಯೇ ಇದ್ದಾರೆ. ಹಿರಿಯರಿಗೆ ವಿನಯದಿಂದ ತಿಳಿಸಿ ಹೇಳಿರಿ: ಬೆಲ್ಲದ ಹೋಳಿಗೆಯೊಂದು, ಪಲ್ಯವೆರಡು, ಶುದ್ಧ ನೀರು, ಚೊಕ್ಕ ಎಲೆ ಇಷ್ಟಿದ್ದರೆ ಅತಿಥಿಗೆ ಗೌರವ ಸಂದಂತೆಯೇ. ಉಂಡು ಹೋದವರೆಲ್ಲರೂ ಆರೋಗ್ಯದಿಂದ ಮನೆ ಮುಟ್ಟುವುದೇ ಆತಿಥ್ಯದ ನಿಜವಾದ ಪೂರ್ಣಾಹುತಿ.

ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಧ್ವನಿವರ್ಧಕವನ್ನು ಹಚ್ಚಬಾರದೆಂಬುದು ಕಾನೂನು. ಓಣಿಯಲ್ಲಿರುವ ಬಾಣಂತಿ, ಕೂಸು, ರೋಗಿಗಳಿಗೂ ನಿದ್ರೆ ಬೇಕಲ್ಲವೆ?

ದಂಪತಿಗಳೇ, ನಿಮ್ಮ ಮನೆಯ ಮುಂದಿನ ಮಂಗಲಕಾರ್ಯಕ್ಕೆ ಮುಹೂರ್ತವನ್ನು ಗೊತ್ತುಮಾಡಿದ ದಿನವೇ ನೀರು, ಎಲೆ, ಗುಂಡಿ, ಶೌಚ ಈ ನಾಲ್ಕನ್ನೂ ಗೊತ್ತುಮಾಡಿರಿ. ಒಂದು ಮನೆಯವರು ಮಾಡಿ ತೋರಿಸಿದರೆ ಓಣಿಯವರು ಅನುಸರಿಸುತ್ತಾರೆ. ಓಣಿಯಿಂದ ಊರು, ಊರಿನಿಂದ ಹೊಳೆಯ ಕೆಳಗಿನ ಊರು ಸುಖವಾಗಿರುತ್ತದೆ.