ಡಿಜಿಟಲ್ ಕಚೇರಿ ದೂರವಾಣಿ: ಬುದ್ಧಿ ಇರುವುದು ಪೆಟ್ಟಿಗೆಯಲ್ಲಿ

ಭದ್ರಾವತಿಯ ಜನ್ನಾಪುರದಲ್ಲಾಗಲಿ, ಶಿವಮೊಗ್ಗದಲ್ಲಾಗಲಿ, ಕಚೇರಿಗೆ ಡಿಜಿಟಲ್ ದೂರವಾಣಿ ಕೊಳ್ಳುವ ಉದ್ಯಮಿಗಳು ಮೊದಲು ನೋಡುವುದು ಗುಂಡಿಗಳ ಸಂಖ್ಯೆ ಮತ್ತು ಬೆಲೆಯನ್ನು. ಆದರೆ ಕರೆಯನ್ನು ತಡೆಹಿಡಿಯುವುದು, ವರ್ಗಾಯಿಸುವುದು, ಮೂವರನ್ನು ಕೂಡಿಸಿ ಮಾತನಾಡಿಸುವುದು ಮುಂತಾದ ಸೌಲಭ್ಯಗಳು ಬಹುಮಟ್ಟಿಗೆ ಮೇಜಿನ ಮೇಲಿನ ಉಪಕರಣದಲ್ಲಿ ಇರುವುದಿಲ್ಲ. ಗೋಡೆಯ ಮೇಲಿನ ಇಪಿಎಬಿಎಕ್ಸ್ ಪೆಟ್ಟಿಗೆಯಲ್ಲಿರುತ್ತವೆ.

ಸಾಧಾರಣ ದೂರವಾಣಿಯಲ್ಲಿ ಧ್ವನಿಯ ಏರಿಳಿತಕ್ಕೆ ತಕ್ಕಂತೆ ತಂತಿಯ ವಿದ್ಯುತ್ ಪ್ರವಾಹವೂ ಏರಿಳಿಯುತ್ತದೆ. ಡಿಜಿಟಲ್ ಉಪಕರಣದೊಳಗಿನ ಕೋಡೆಕ್ ಎಂಬ ಚಿಪ್ ಈ ಏರಿಳಿತವನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಹೀಗೆ ಒಂದು ಧ್ವನಿಗೆ ಸೆಕೆಂಡಿಗೆ 64,000 ಬಿಟ್‌ಗಳಾಗುತ್ತವೆ. ಕೇಳುವವರ ತುದಿಯಲ್ಲಿ ಇದೇ ಅಂಕಿಗಳು ಮರಳಿ ಧ್ವನಿಯಾಗುತ್ತವೆ.

ಧ್ವನಿಯ ಜೊತೆಯಲ್ಲಿಯೇ, ಅದೇ ಜೋಡಿ ತಂತಿಯಲ್ಲಿ, ಸಂಜ್ಞೆಗಳಿಗಾಗಿ ಪ್ರತ್ಯೇಕ ಹಾದಿಯೊಂದಿರುತ್ತದೆ. ‘ಹೋಲ್ಡ್’ ಗುಂಡಿ ಒತ್ತಿದಾಗ ಉಪಕರಣದ ಚಿಕ್ಕ ಸಂಸ್ಕಾರಕವು ‘ಇಂತಹ ಗುಂಡಿ ಒತ್ತಲಾಗಿದೆ’ ಎಂಬ ಸಂದೇಶವನ್ನಷ್ಟೇ ಕಳುಹಿಸುತ್ತದೆ. ಕರೆಯನ್ನು ತಡೆದು, ಹೊರಗಿನವರಿಗೆ ಸಂಗೀತ ಕೇಳಿಸಿ, ದೀಪ ಮಿನುಗಿಸಲು ಆಜ್ಞಾಪಿಸುವುದು ಪೆಟ್ಟಿಗೆಯ ಪ್ರೋಗ್ರಾಂ. ಸಿ-ಡಾಟ್ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಆರಂಭವಾದಾಗ ಊರಿಗೆ ಒದಗಿದ್ದೂ ಇದೇ ಬಗೆಯ ಡಿಜಿಟಲ್ ಜೋಡಣೆಯೇ. ಕಚೇರಿಯ ಪೆಟ್ಟಿಗೆ ಅದರ ಕಿರಿಯ ರೂಪ.

ಇದರಿಂದ ವ್ಯವಹಾರಸ್ಥರು ತಿಳಿಯಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಸಂಜ್ಞೆಗಳ ಭಾಷೆಯನ್ನು ಆಯಾ ತಯಾರಕರೇ ರೂಪಿಸಿಕೊಂಡಿರುವುದರಿಂದ ಒಬ್ಬರ ಡಿಜಿಟಲ್ ಉಪಕರಣ ಮತ್ತೊಬ್ಬರ ಪೆಟ್ಟಿಗೆಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಎಸ್‌ಐಪಿ ಎಂಬ ಸಾರ್ವತ್ರಿಕ ನಿಯಮವನ್ನು ಅನುಸರಿಸುವ ಐಪಿ ದೂರವಾಣಿಗಳಲ್ಲಿ ಈ ತೊಡಕು ಕಡಿಮೆ. ಎರಡನೆಯದಾಗಿ, ಉಪಕರಣಕ್ಕೆ ವಿದ್ಯುತ್ ಬರುವುದು ಸಾಮಾನ್ಯವಾಗಿ ಪೆಟ್ಟಿಗೆಯಿಂದಲೇ; ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ಕರೆಂಟು ಹೋದೊಡನೆ ಎಲ್ಲ ಮೇಜುಗಳ ದೂರವಾಣಿಯೂ ಸ್ತಬ್ಧ. ಮೂರನೆಯದಾಗಿ, ಎಲ್ಲರಿಗೂ ದುಬಾರಿ ಉಪಕರಣ ಬೇಕಿಲ್ಲ. ಗೋದಾಮಿಗೆ ಸಾಧಾರಣ ದೂರವಾಣಿ ಕೊಟ್ಟರೂ, ಪೆಟ್ಟಿಗೆಯಲ್ಲಿ ಅದಕ್ಕೆ ತಕ್ಕ ಕಾರ್ಡ್ ಇದ್ದರೆ, ಸಂಕೇತ ಸಂಖ್ಯೆ ಒತ್ತಿ ಕರೆ ವರ್ಗಾಯಿಸಬಹುದು.

ಲೆಕ್ಕಪತ್ರದಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಒಳಗಿನ ಕೆಲಸ ಕಂಪ್ಯೂಟರಿನಂತೆಯೇ ನಡೆದರೂ, ಇಪಿಎಬಿಎಕ್ಸ್‌ಗೆ ಕಂಪ್ಯೂಟರಿಗೆ ಆಗ ಇದ್ದ ಶೇ. 60ರ ಸವಕಳಿ ದರ ಸಲ್ಲದೆಂದು ಕೇರಳ ಹೈಕೋರ್ಟ್ ಫೆಡರಲ್ ಬ್ಯಾಂಕ್ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತಿದೆ. ಆದುದರಿಂದ ಖರೀದಿಯ ಬಿಲ್ಲಿನಲ್ಲಿ ಪೆಟ್ಟಿಗೆ, ಕಾರ್ಡ್‌ಗಳು ಮತ್ತು ಕಂಪ್ಯೂಟರುಗಳನ್ನು ಬೇರೆ ಬೇರೆಯಾಗಿ ನಮೂದಿಸಿಕೊಳ್ಳುವುದು ಲೇಸು.